ಗೃಹಸಾಲದಲ್ಲೂ ಸಾವು, ಆಸ್ಪತ್ರೆ ಚೀಟಿಯಲ್ಲೂ ಸಾವು: 'ಮಾರ್ಟ್' ಎಂದು ಶುರುವಾಗುವ ಇಂಗ್ಲಿಷ್ ಪದಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲಿ ಇದ್ದೀರೋ, ಮೆಟ್ರೊದಲ್ಲಿ ಇದ್ದೀರೋ, ಇಯರ್‌ಫೋನ್ ಹಾಕಿಕೊಂಡು ಪಾತ್ರೆ ತೊಳೀತಾ ಇದ್ದೀರೋ, ಎಲ್ಲಿದ್ದರೂ ಸರಿ. ಇವತ್ತಿನ ಪದ ಸ್ವಲ್ಪ ಗಂಭೀರ. ಆದರೆ ಹೆದರಬೇಡಿ.

ಒಂದು ಘಟನೆಯಿಂದ ಶುರು ಮಾಡ್ತೀನಿ. ಒಂದು ರಾತ್ರಿ ಹನ್ನೊಂದು ಗಂಟೆ ಹೊತ್ತಿಗೆ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ. ದನಿ ನಡುಗುತ್ತಾ ಇತ್ತು. 'ಅಣ್ಣಾ, ಅಪ್ಪನ್ನ ಇಲ್ಲಿಂದ ಬೇರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬಿಡ್ತೀನಿ. ಇವರು ಸಾಯ್ತಾರೆ ಅಂತಾನೇ ಬರ್ದಿದಾರೆ' ಅಂದ. ಚಿಕ್ಕಪ್ಪನಿಗೆ ಪಿತ್ತಕೋಶದಲ್ಲಿ ಕಲ್ಲು. ಬೆಳಗ್ಗೆ ಆಪರೇಷನ್ ಇತ್ತು. ಏನು ಬರೆದಿದ್ದಾರೆ, ಫೋಟೊ ಕಳಿಸು ಅಂದೆ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಾಳೆ ಬಂತು. ಒಂದರಲ್ಲಿ 'ಕೋ-ಮಾರ್ಬಿಡಿಟೀಸ್' ಅಂತ ಬರೆದು ಅದರ ಮುಂದೆ ಸಕ್ಕರೆ ಕಾಯಿಲೆ, ಬಿ.ಪಿ. ಅಂತಿತ್ತು. ಇನ್ನೊಂದು ಒಪ್ಪಿಗೆ ಪತ್ರ. ಅದರಲ್ಲಿ, 'ಮಾರ್ಬಿಡಿಟಿ ಮತ್ತು ಮಾರ್ಟಾಲಿಟಿಯ ಅಪಾಯವನ್ನು ನನಗೆ ವಿವರಿಸಲಾಗಿದೆ' ಅನ್ನೋ ಅರ್ಥದ ಒಂದು ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಸಹಿಗೆ ಜಾಗ.

ಹುಡುಗ ಓದಿದವನೇ, ಬಿ.ಕಾಂ. ಮುಗಿಸಿದ್ದಾನೆ. ಆದರೆ ಆ ಹೊತ್ತಲ್ಲಿ, ಆ ಕಾರಿಡಾರಿನ ಟ್ಯೂಬ್‌ಲೈಟ್ ಕೆಳಗೆ, 'ಮಾರ್ಬಿಡಿಟಿ' ಮತ್ತು 'ಮಾರ್ಟಾಲಿಟಿ' ಎರಡೂ ಅವನಿಗೆ ಒಂದೇ ಥರ ಕಂಡಿವೆ. ಎರಡೂ ಸಾವು. ಅಂದರೆ ಈ ಹಾಳೆಯಲ್ಲಿ ಅಪ್ಪನ ಸಾವನ್ನ ಮೂರು ಸಲ ಬರೆದಿದ್ದಾರೆ ಅಂತ ಅವನ ಲೆಕ್ಕ.

ಇವತ್ತಿನ ಸಂಚಿಕೆ ಅವನಿಗೆ ಆ ರಾತ್ರಿ ಫೋನಲ್ಲಿ ಹೇಳಿದ್ದರ ಉದ್ದನೆಯ ಆವೃತ್ತಿ.

ಮೊದಲು ಕುಟುಂಬದ ಯಜಮಾನನನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ 'ಮೋರ್ಸ್' ಅಂದರೆ ಸಾವು. ವಿಭಕ್ತಿ ಸೇರಿದಾಗ ಅದು 'ಮೋರ್ಟಿಸ್' ಆಗುತ್ತೆ, ಅಂದರೆ ಸಾವಿನ. ಈ 'ಮೋರ್ಟ್' ಅನ್ನೋ ತುಂಡೇ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು, ಎಂ, ಒ, ಆರ್, ಟಿ ಅಂತ ಶುರುವಾಗೋ ಒಂದು ಹಿಂಡು ಪದಗಳಾಯ್ತು. ಮಾರ್ಟಲ್, ಮಾರ್ಟಾಲಿಟಿ, ಮಾರ್ಚುಅರಿ, ಮಾರ್ಟಿಫೈ, ಮಾರ್ಗೇಜ್. ಮುಂದೆ ಒಂದು ಬಾಲ ಅಥವಾ ತಲೆ ಅಂಟಿಸಿಕೊಂಡು ಇಮ್ಮಾರ್ಟಲ್, ಪೋಸ್ಟ್‌ಮಾರ್ಟಂ, ಅಮಾರ್ಟೈಸ್. ಒಂದು ಎಚ್ಚರಿಕೆ: ಕನ್ನಡದಲ್ಲಿ ಬರೆದಾಗ ಡಿಮಾರ್ಟ್‌ನ 'ಮಾರ್ಟ್' ಕೂಡ ಹೀಗೇ ಕಾಣುತ್ತೆ. ಅದು ಬೇರೆ. ಅದರ ಸ್ಪೆಲ್ಲಿಂಗಲ್ಲಿ 'ಎ' ಇದೆ, ಅದು ಮಾರ್ಕೆಟ್ ಅನ್ನೋ ಮನೆತನದ್ದು. ದಿನಸಿ ತರೋಕೆ ಹೋಗುವಾಗ ಯಾರೂ ಹೆದರಬೇಕಿಲ್ಲ.

ಈಗ 'ಮಾರ್ಬಿಡಿಟಿ'. ಇದರ ಮೂಲ 'ಮೋರ್ಬಸ್', ಅಂದರೆ ಲ್ಯಾಟಿನ್ನಲ್ಲಿ ಕಾಯಿಲೆ. ಸಾವಲ್ಲ, ಕಾಯಿಲೆ. ಒಂದೇ ಒಂದು ಅಕ್ಷರದ ವ್ಯತ್ಯಾಸ, 'ಟಿ' ಬದಲು 'ಬಿ'. ಮಾರ್ಬಿಡಿಟಿ ಅಂದರೆ ಕಾಯಿಲೆ ಬೀಳೋದು, ತೊಂದರೆ ಆಗೋದು. ಆಪರೇಷನ್ ವಿಷಯದಲ್ಲಿ ಹೇಳೋದಾದರೆ ಗಾಯಕ್ಕೆ ಸೋಂಕು ತಗಲೋದು, ರಕ್ತ ಹೆಚ್ಚು ಹೋಗೋದು, ಆಮೇಲೆ ನಾಲ್ಕು ದಿನ ಜ್ವರ ಬರೋದು, ಇಂಥವು. ಮಾರ್ಟಾಲಿಟಿ ಅಂದರೆ ಪ್ರಾಣ ಹೋಗೋದು. ಒಪ್ಪಿಗೆ ಪತ್ರದಲ್ಲಿ ಎರಡನ್ನೂ ಬರೆಯೋದು ವಾಡಿಕೆ. ಯಾವ ಶಸ್ತ್ರಚಿಕಿತ್ಸೆಯಲ್ಲೂ ಅಪಾಯ ಸೊನ್ನೆ ಅಂತ ಯಾವ ವೈದ್ಯರೂ ಬರೆದುಕೊಡೋದಿಲ್ಲ. ಇನ್ನು 'ಕೋ-ಮಾರ್ಬಿಡಿಟಿ' ಅಂದರೆ ಈಗ ಯಾವ ತೊಂದರೆಗೆ ಆಸ್ಪತ್ರೆಗೆ ಬಂದಿದ್ದೀರೋ ಅದರ ಜೊತೆಗೆ ಮೊದಲಿಂದ ಇರೋ ಬೇರೆ ಕಾಯಿಲೆಗಳು. ಜೊತೆಗಾರ ಕಾಯಿಲೆ ಅಂತ ಬೇಕಾದರೆ ಅನ್ನಿ. ಕೋವಿಡ್ ಕಾಲದಲ್ಲಿ ಈ ಪದ ದಿನಾ ಬುಲೆಟಿನ್‌ಗಳಲ್ಲಿ ಕಿವಿಗೆ ಬೀಳ್ತಾ ಇತ್ತು. ಆದರೆ ಸಾವಿನ ಸಂಖ್ಯೆಯ ಪಕ್ಕದಲ್ಲೇ ಕೇಳಿ ಕೇಳಿ, ಈ ಪದಕ್ಕೂ ಸಾವಿನ ವಾಸನೆ ಅಂಟಿಕೊಂಡುಬಿಡ್ತು. ಅದರಲ್ಲಿ ನಮ್ಮ ಸುದ್ದಿ ಮಾಧ್ಯಮದವರ ಪಾಲೂ ಇದೆ ಅಂತ ಒಪ್ಪಿಕೊಳ್ತೀನಿ.

ಇದೇ ಥರ ಇನ್ನೊಂದು. ತೂಕ ಜಾಸ್ತಿ ಇರೋರ ರಿಪೋರ್ಟಲ್ಲಿ 'ಮಾರ್ಬಿಡ್ ಒಬೆಸಿಟಿ' ಅಂತ ಬರೆದಿರ್ತಾರೆ. ಬಿ.ಎಂ.ಐ. 40 ದಾಟಿದಾಗ ವೈದ್ಯರು ಬಳಸೋ ಪದ ಇದು. ಕಾಯಿಲೆಗಳಿಗೆ ದಾರಿ ಮಾಡಿಕೊಡೋವಷ್ಟು ಬೊಜ್ಜು ಅಂತ ಅರ್ಥ. ಆದರೆ ದಿನಬಳಕೆಯ ಇಂಗ್ಲಿಷಲ್ಲಿ 'ಮಾರ್ಬಿಡ್' ಅಂದರೆ ಸಾವು, ಶವ, ರಕ್ತ ಇಂಥದ್ದರ ಬಗ್ಗೆ ಅತಿಯಾದ ಕುತೂಹಲ ಅನ್ನೋ ಅರ್ಥ ಬಂದುಬಿಟ್ಟಿದೆ. ರಾತ್ರಿ ಎರಡು ಗಂಟೆವರೆಗೂ ಸೀರಿಯಲ್ ಕಿಲ್ಲರ್‌ಗಳ ಡಾಕ್ಯುಮೆಂಟರಿ ನೋಡ್ತೀರಲ್ಲ, ಅದು 'ಮಾರ್ಬಿಡ್ ಕ್ಯೂರಿಯಾಸಿಟಿ'. ಮನಸ್ಸಿನ ಕಾಯಿಲೆ ಅನ್ನೋವಷ್ಟು ಕುತೂಹಲ ಅಂತ ಶುರುವಾದದ್ದು. ಕಾಯಿಲೆಯ ಪದ ಸಾವಿನ ಮನೆ ಪಕ್ಕದಲ್ಲೇ ಬಾಡಿಗೆಗೆ ಇದ್ದು ಇದ್ದು, ಅದೇ ಮನೆಯವರ ಥರ ಆಗಿಹೋಗಿದೆ.

ಇಷ್ಟು ಹೇಳಿದ ಮೇಲೆ ಹುಡುಗ ಸ್ವಲ್ಪ ಸಮಾಧಾನ ಆದ. 'ಹಂಗಾದ್ರೆ ಮೂರು ಸಲ ಅಲ್ಲ, ಒಂದೇ ಸಲ ಬರ್ದಿರೋದು' ಅಂದ. ಹೌದು, ಒಂದೇ ಸಲ. ಆ ಒಂದು ಸಲದ ಬಗ್ಗೆ ಬೆಳಗ್ಗೆ ಡಾಕ್ಟರನ್ನೇ ನೇರವಾಗಿ ಕೇಳು ಅಂದೆ. ಚಿಕ್ಕಪ್ಪ ಈಗ ಆರಾಮಾಗಿದ್ದಾರೆ. ಮಗ ರಾತ್ರಿಯೆಲ್ಲಾ ಕಾರಿಡಾರಲ್ಲಿ ಡಿಕ್ಷನರಿ ನೋಡ್ತಾ ಇದ್ದ ಅಂತ ಎಲ್ಲರಿಗೂ ಹೇಳಿಕೊಂಡು ನಗ್ತಾ ಇರ್ತಾರೆ.

ಮಾರ್ಟಾಲಿಟಿ ಅನ್ನೋ ಪದ ಸುದ್ದಿಯಲ್ಲಿ ಬಂದಾಗ ಇನ್ನೊಂದು ವಿಷಯ ಗಮನಿಸಿ. ಅದು ಒಬ್ಬರ ಸಾವಿನ ಪದ ಅಲ್ಲ, ಲೆಕ್ಕದ ಪದ. ಶಿಶು ಮರಣ ದರ ಅಂದರೆ, ಜೀವಂತ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ ಒಂದು ವರ್ಷ ತುಂಬೋದರೊಳಗೆ ತೀರಿಕೊಂಡವರು ಎಷ್ಟು ಅನ್ನೋ ಲೆಕ್ಕ. ತಾಯಂದಿರ ಮರಣದ ಲೆಕ್ಕ ಬೇರೆ, ಅದು ಪ್ರತಿ 1 ಲಕ್ಷ ಜೀವಂತ ಜನನಗಳಿಗೆ. ಒಂದು ಸಾವಿರಕ್ಕೆ, ಇನ್ನೊಂದು ಲಕ್ಷಕ್ಕೆ. ಎರಡರ ಅಂಕಿಗಳನ್ನ ಪಕ್ಕಪಕ್ಕ ಇಟ್ಟು 'ಇದು ಜಾಸ್ತಿ, ಅದು ಕಮ್ಮಿ' ಅಂತ ಹೇಳೋ ರೀಲ್ಸ್ ನೋಡಿದರೆ ಸುಮ್ಮನೆ ಮುಂದೆ ಸ್ಕ್ರೋಲ್ ಮಾಡಿ.

ಈಗ 'ಮಾರ್ಟಲ್'. ಇದಕ್ಕೆ ಎರಡು ಮುಖ. ಒಂದು, ಸಾಯುವ ಗುಣ ಇರೋದು. ಮನುಷ್ಯ ಮಾರ್ಟಲ್, ದೇವತೆಗಳು ಇಮ್ಮಾರ್ಟಲ್. ಇನ್ನೊಂದು, ಸಾಯಿಸೋ ಗುಣ ಇರೋದು. 'ಮಾರ್ಟಲ್ ವೂಂಡ್' ಅಂದರೆ ಪ್ರಾಣ ತೆಗೆಯೋ ಗಾಯ. ಒಂದೇ ಪದ, ಸಾಯೋನಿಗೂ ಅದೇ, ಸಾಯಿಸೋದಕ್ಕೂ ಅದೇ. 1992ರಲ್ಲಿ ಬಂದ 'ಮಾರ್ಟಲ್ ಕಾಂಬ್ಯಾಟ್' ವಿಡಿಯೊ ಗೇಮಿನ ಹೆಸರಲ್ಲಿರೋದು ಎರಡನೇ ಅರ್ಥ, ಪ್ರಾಣ ಹೋಗೋವರೆಗೂ ಹೊಡೆದಾಟ. ಗಣ್ಯರು ತೀರಿಕೊಂಡಾಗ ಇಂಗ್ಲಿಷ್ ಸುದ್ದಿಯಲ್ಲಿ ಬರೋ 'ಮಾರ್ಟಲ್ ರಿಮೇನ್ಸ್'ನಲ್ಲಿ ಮೊದಲನೇ ಅರ್ಥ, ಅಂದರೆ ಅಳಿಯುವ ದೇಹ. ನಾವು ಅದಕ್ಕೆ 'ಪಾರ್ಥಿವ ಶರೀರ' ಅಂತೀವಿ. ಪೃಥ್ವಿಯಿಂದ ಪಾರ್ಥಿವ, ಮಣ್ಣಿನಿಂದ ಆದ ದೇಹ. ನನಗೇನೋ ನಮ್ಮ ಪದವೇ ಹೆಚ್ಚು ಗೌರವದ್ದು ಅನಿಸುತ್ತೆ. ಅವರು ಸಾಯೋದನ್ನ ನೆನಪಿಸ್ತಾರೆ, ನಾವು ಮಣ್ಣನ್ನ ನೆನಪಿಸ್ತೀವಿ.

ಹ್ಯಾರಿ ಪಾಟರ್ ಅಭಿಮಾನಿಗಳು ಇಷ್ಟು ಹೊತ್ತಿಗೆ ಕೈ ಎತ್ತಿರ್ತಾರೆ. ಹೌದು, ವೊಲ್ಡೆಮಾರ್ಟ್ ಹೆಸರಿನ ಕೊನೆಯಲ್ಲಿ ಇರೋದೂ ಇದೇ 'ಮೋರ್'. ಫ್ರೆಂಚಲ್ಲಿ ಬಿಡಿಸಿ ಓದಿದರೆ 'ಸಾವಿನ ಹಾರಾಟ' ಅಂತ ಬರುತ್ತೆ. ಕೊನೆಯ 'ಟಿ' ಉಚ್ಚಾರ ಮಾಡಬಾರದು ಅಂತ ಲೇಖಕಿ ಜೆ.ಕೆ. ರೌಲಿಂಗ್ ಅವರೇ ಹೇಳಿದ್ದಾರೆ. ಸಿನಿಮಾದವರು ಕೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ನಮ್ಮ ಮನೆಗೆ ಬರೋಣ. 'ಮಾರ್ಟಲ್' ಅನ್ನೋದನ್ನ ಕೇಳಿದಾಗ ನಿಮಗೆ ಕನ್ನಡದ ಯಾವುದಾದರೂ ಪದ ನೆನಪಾಯ್ತಾ? 'ಮರ್ತ್ಯ'. ಮರ್ತ್ಯಲೋಕ, ಅಂದರೆ ಸಾಯುವವರ ಲೋಕ, ಭೂಮಿ. ವಚನಗಳಲ್ಲಿ ಮತ್ತೆ ಮತ್ತೆ ಬರೋ ಪದ. ಇದು ಕಾಕತಾಳೀಯ ಅಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹುಟ್ಟಿರಬೇಕು ಅಂತ ವಿಲಿಯಂ ಜೋನ್ಸ್ ಅನ್ನೋ ನ್ಯಾಯಾಧೀಶ 1786ರಲ್ಲಿ ಕಲ್ಕತ್ತಾದಲ್ಲಿ ಮಾಡಿದ ಭಾಷಣದಲ್ಲಿ ಹೇಳಿದ್ದ. ಆಮೇಲೆ ಬಂದ ವಿದ್ವಾಂಸರು ಅದನ್ನ ಪದ ಪದವಾಗಿ ತೋರಿಸಿದರು. ಆ ಹಳೇ ಮೂಲದಲ್ಲಿ 'ಮೆರ್' ಅನ್ನೋ ಧಾತು, ಅರ್ಥ ಸಾಯೋದು. ಲ್ಯಾಟಿನ್ನಲ್ಲಿ ಅದು 'ಮೋರ್ಸ್' ಆಯ್ತು. ಸಂಸ್ಕೃತದಲ್ಲಿ ಮೃತ, ಮೃತ್ಯು, ಮರಣ, ಮರ್ತ್ಯ ಆಯ್ತು. ಇಂಗ್ಲಿಷಿನ 'ಮರ್ಡರ್' ಕೂಡ ಅಲ್ಲಿಂದಲೇ ಬಂದದ್ದು. ಪರ್ಷಿಯನ್ನಲ್ಲಿ 'ಮುರ್ದಾ' ಆಯ್ತು, ಅಂದರೆ ಸತ್ತದ್ದು. ಪ್ರತಿಭಟನೆಯಲ್ಲಿ 'ಮುರ್ದಾಬಾದ್' ಅಂತ ಕೂಗ್ತಾರಲ್ಲ, ಅದರೊಳಗಿನ ಮುರ್ದಾ ಇದೇ. ಪೋಸ್ಟ್‌ಮಾರ್ಟಂ, ಮರಣೋತ್ತರ ಪರೀಕ್ಷೆ, ಮುರ್ದಾಬಾದ್: ಮೂರೂ ದೂರದ ದಾಯಾದಿಗಳು.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು 'ಅಮೃತ'. ಬಿಡಿಸಿ ನೋಡಿ: ಅ ಮತ್ತು ಮೃತ. ಸಾವಿಲ್ಲದ್ದು. ಲ್ಯಾಟಿನ್ನವರು ಇದನ್ನೇ 'ಇನ್' ಮತ್ತು 'ಮೋರ್ಟ್' ಸೇರಿಸಿ ಕಟ್ಟಿದರು, ಅದು ಇಂಗ್ಲಿಷಲ್ಲಿ ಇಮ್ಮಾರ್ಟಲ್ ಆಯ್ತು. ಗ್ರೀಕರು 'ಆಂಬ್ರೊಟೋಸ್' ಅಂದರು, ಅದರಿಂದ 'ಆಂಬ್ರೋಸಿಯಾ', ಅವರ ದೇವತೆಗಳ ಆಹಾರ. ನಮ್ಮ ದೇವತೆಗಳಿಗೆ ಅಮೃತ, ಅವರ ದೇವತೆಗಳಿಗೆ ಆಂಬ್ರೋಸಿಯಾ. ಎರಡೂ ಪದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ಬೆಂಗಳೂರಿನ ಅಮೃತಹಳ್ಳಿ ಬಸ್ ಹತ್ತುವಾಗ ಇದು ನೆನಪಾದರೆ ನನ್ನ ಕೆಲಸ ಆಯ್ತು.

ಹಾಗಂತ ಕನ್ನಡದ 'ಸಾವು', 'ಸಾಯು' ಈ ಕುಟುಂಬದ್ದಲ್ಲ. ಅದು ದ್ರಾವಿಡದ್ದು. ತಮಿಳಿನಲ್ಲೂ 'ಸಾವು' ಅಂತಾರೆ. ನಾವು ಮನೆಯೊಳಗೆ 'ಸತ್ತೋದ' ಅಂತ ಅಳ್ತೀವಿ, ಪೇಪರಿನಲ್ಲಿ 'ಮೃತಪಟ್ಟ' ಅಂತ ಬರೀತೀವಿ. ಅಳೋದಕ್ಕೆ ಒಂದು ಭಾಷೆ, ವರದಿ ಮಾಡೋದಕ್ಕೆ ಇನ್ನೊಂದು.

ಪೋಸ್ಟ್‌ಮಾರ್ಟಂ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 'ಪೋಸ್ಟ್' ಅಂದರೆ ನಂತರ, ಸಾವಿನ ನಂತರದ್ದು. ಆದರೆ ಅದರ ಅಣ್ಣ 'ಆಂಟಿಮಾರ್ಟಂ' ಗೊತ್ತಿದ್ದರೆ ಅಪರಾಧ ಸುದ್ದಿ ಓದೋರಿಗೆ ಉಪಯೋಗ. ಇಲ್ಲಿ 'ಆಂಟಿ' ಅಂದರೆ ವಿರುದ್ಧ ಅಲ್ಲ, ಮೊದಲು ಅಂತ. ಶವಪರೀಕ್ಷೆ ವರದಿಯಲ್ಲಿ 'ಗಾಯಗಳು ಆಂಟಿಮಾರ್ಟಂ ಸ್ವರೂಪದವು' ಅಂತಿದ್ದರೆ, ಜೀವ ಇರುವಾಗಲೇ ಆದ ಗಾಯಗಳು ಅಂತ ಅರ್ಥ. ಸತ್ತ ಮೇಲೆ ಆದ ಗಾಯ ಆದರೆ ಪೋಸ್ಟ್‌ಮಾರ್ಟಂ ಗಾಯ. ನೀರಲ್ಲಿ ಸಿಕ್ಕ ಶವದ ಮೇಲಿನ ಗಾಯ ಯಾರೋ ಹೊಡೆದದ್ದಾ ಅಥವಾ ಸತ್ತ ಮೇಲೆ ಕಲ್ಲು ತಾಗಿ ಆದದ್ದಾ? ಇಡೀ ಕೇಸು ಈ ಎರಡು ಪದಗಳ ಮೇಲೆ ನಿಂತುಬಿಡಬಹುದು. ಇನ್ನು ಐಟಿ ಕಂಪನಿಗಳಲ್ಲಿ ಪ್ರಾಜೆಕ್ಟ್ ಮಗುಚಿಕೊಂಡ ಮೇಲೆ 'ಪೋಸ್ಟ್‌ಮಾರ್ಟಂ ಮೀಟಿಂಗ್' ಅಂತ ಕೂರಿಸ್ತಾರೆ. ಇದಕ್ಕೆ ಉಲ್ಟಾ, ಕೆಲಸ ಶುರು ಮಾಡೋ ಮೊದಲೇ 'ಇದು ಸೋತಿದೆ ಅಂತ ಇಟ್ಟುಕೊಳ್ಳಿ, ಯಾಕೆ ಸೋತಿತು ಹೇಳಿ' ಅಂತ ಕೇಳೋ ಪದ್ಧತಿಯೂ ಇದೆ. ಅದು 'ಪ್ರೀಮಾರ್ಟಂ'. ಗ್ಯಾರಿ ಕ್ಲೈನ್ ಅನ್ನೋ ಮನಶ್ಶಾಸ್ತ್ರಜ್ಞ ಜನಪ್ರಿಯ ಮಾಡಿದ್ದು. ಮದುವೆ ಛತ್ರ ಬುಕ್ ಮಾಡೋ ಮೊದಲು ನಮ್ಮ ಅಜ್ಜಿಯರು ಮಾಡ್ತಾ ಇದ್ದದ್ದೂ ಇದನ್ನೇ, ಹೆಸರು ಇರಲಿಲ್ಲ ಅಷ್ಟೆ.

ಮಾರ್ಚುಅರಿ, ನಮ್ಮ ಶವಾಗಾರ. ತಮಾಷೆ ಅಂದರೆ ಈ ಪದ ಮೊದಲು ಜಾಗದ ಹೆಸರಾಗಿರಲಿಲ್ಲ, ಹಣದ ಹೆಸರಾಗಿತ್ತು. ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬರು ತೀರಿಕೊಂಡರೆ ಅವರ ಆಸ್ತಿಯಿಂದ ಊರಿನ ಪಾದ್ರಿಗೆ ಒಂದು ಕಾಣಿಕೆ ಹೋಗಬೇಕಿತ್ತು. ಅದಕ್ಕೆ ಮಾರ್ಚುಅರಿ ಅಂತಿದ್ದರು. ಶವ ಇಡೋ ಕಟ್ಟಡ ಅನ್ನೋ ಅರ್ಥ ಬಂದದ್ದು 19ನೇ ಶತಮಾನದಲ್ಲಿ. 'ಮಾರ್ಗ್' ಅನ್ನೋದು ಅದೇ ಅರ್ಥದ ಪದ ಆದರೂ ಈ ಕುಟುಂಬದ್ದಲ್ಲ. ಪ್ಯಾರಿಸ್ಸಿನಲ್ಲಿ ಗುರುತು ಸಿಗದ ಶವಗಳನ್ನ ಜನ ಬಂದು ನೋಡಲಿ ಅಂತ ಇಡ್ತಾ ಇದ್ದ ಕಟ್ಟಡದ ಹೆಸರು ಅದು. ಹಳೇ ಪೇಪರ್ ಆಫೀಸುಗಳಲ್ಲಿ ಹಿಂದಿನ ಸುದ್ದಿಗಳ ಕತ್ತರಿಕೆ ಇಡೋ ಕೋಣೆಗೂ 'ಮಾರ್ಗ್' ಅಂತಲೇ ಕರೀತಿದ್ದರು. ಸತ್ತ ಸುದ್ದಿಗಳ ಶವಾಗಾರ.

'ಮಾರ್ಟಿಫೈ' ಮಾತ್ರ ನಿಮಗೆ ತಕ್ಷಣ ಅರ್ಥ ಆಗುತ್ತೆ. 'ಐ ವಾಸ್ ಮಾರ್ಟಿಫೈಡ್' ಅಂತ ಇಂಗ್ಲಿಷ್ ಸಿರೀಸ್‌ಗಳಲ್ಲಿ ಕೇಳಿರ್ತೀರಿ. ಎಲ್ಲರ ಎದುರು ಅವಮಾನ ಆಗಿ ಮುಖ ಎತ್ತೋಕೆ ಆಗದ ಸ್ಥಿತಿ. ಪದದ ಅರ್ಥ 'ಸಾಯಿಸು'. ನಾವೂ ಹಾಗೇ ಅಲ್ವಾ ಹೇಳೋದು? 'ಅಪ್ಪ ಎಲ್ಲರೆದುರು ನನ್ನ ಮಾರ್ಕ್ಸ್ ಹೇಳಿದ್ರು, ನಾಚಿಕೆಯಿಂದ ಸತ್ತೇ ಹೋದೆ.' ಎರಡು ಭಾಷೆ, ಒಂದೇ ಯೋಚನೆ. ಮೊದಲು ಈ ಪದ ಧರ್ಮದ ಕಡೆ ಬಳಕೆಯಲ್ಲಿತ್ತು. ಉಪವಾಸ, ಚಾಟಿ ಏಟು, ಒರಟು ಬಟ್ಟೆ, ಹೀಗೆ ದೇಹದ ಆಸೆಗಳನ್ನ ಸಾಯಿಸೋದಕ್ಕೆ 'ಮಾರ್ಟಿಫಿಕೇಷನ್' ಅಂತಿದ್ದರು. ನಮ್ಮಲ್ಲಿ ದೇಹದಂಡನೆ. ನಾವು ದಂಡಿಸ್ತೀವಿ, ಅವರು ಸಾಯಿಸಿಬಿಟ್ಟರು.

ಇದೇ ಸಾಲಿನಲ್ಲಿ 'ಮಾರಿಬಂಡ್' ಅಂತ ಒಂದಿದೆ. ಸಾಯೋ ಸ್ಥಿತಿಯಲ್ಲಿರೋ ಉದ್ಯಮ, ಸಂಸ್ಥೆಗಳ ಬಗ್ಗೆ ಇಂಗ್ಲಿಷ್ ಸಂಪಾದಕೀಯಗಳಲ್ಲಿ ಬರುತ್ತೆ. ನಮ್ಮ ಕಿವಿಗೆ 'ಮೋರಿ ಬಂದ್' ಅಂತ ಕೇಳಿಸುತ್ತೆ. ಅರ್ಥಕ್ಕೇನೂ ದೂರ ಇಲ್ಲ.

ಹಾಗೇ ಕುಟುಂಬಕ್ಕೆ ಸೇರದ ಒಬ್ಬ ವೇಷಧಾರಿಯನ್ನೂ ಹೇಳಿಬಿಡ್ತೀನಿ. 'ಮಾರ್ಟರ್'. ಎಂ, ಒ, ಆರ್, ಟಿ ಅಂತಲೇ ಶುರು ಆಗುತ್ತೆ, ಯುದ್ಧದ ಸುದ್ದಿಯಲ್ಲಿ 'ಮಾರ್ಟರ್ ಶೆಲ್' ಅಂತ ಬರುತ್ತೆ, ಜನ ಸಾಯ್ತಾರೆ. ಹಾಗಾಗಿ ಎಲ್ಲರೂ ಇದನ್ನ ಸಾವಿನ ಪದ ಅಂದುಕೊಳ್ತಾರೆ. ಅಲ್ಲ. ಲ್ಯಾಟಿನ್ನಲ್ಲಿ 'ಮೋರ್ಟಾರಿಯಂ' ಅಂದರೆ ಕುಟ್ಟಾಣಿ, ಏಲಕ್ಕಿ ಶುಂಠಿ ಕುಟ್ಟೋದು. ಅದರಲ್ಲಿ ಅರೆದು ಕಲಸಿದ ಸುಣ್ಣ ಮರಳಿಗೂ ಅದೇ ಹೆಸರು ಬಂತು, ಅದು ಗಾರೆ. ಕುಟ್ಟಾಣಿಯ ಥರ ಮೊಂಡಾಗಿ, ಬಾಯಿ ಅಗಲವಾಗಿ ಇದ್ದ ಫಿರಂಗಿಗೂ ಅದೇ ಹೆಸರು. ಗಾರೆ ಕೆಲಸದವರು ಗಾರೆ ಇಟ್ಟುಕೊಳ್ಳೋ ಚೌಕ ಹಲಗೆಯ ಆಕಾರದಲ್ಲಿ ಇರೋದರಿಂದ ಘಟಿಕೋತ್ಸವದ ಟೋಪಿಗೆ 'ಮಾರ್ಟರ್‌ಬೋರ್ಡ್'. ಡಿಗ್ರಿ ಫೋಟೊದಲ್ಲಿ ನಿಮ್ಮ ತಲೆ ಮೇಲಿರೋದು ಗಾರೆ ಹಲಗೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ದುಡ್ಡಿನ ವಿಷಯಕ್ಕೆ. 'ಮಾರ್ಗೇಜ್'. ಸ್ಪೆಲ್ಲಿಂಗಲ್ಲಿ 'ಟಿ' ಇದೆ, ಬಾಯಲ್ಲಿ ಇಲ್ಲ. ಅದಕ್ಕೇ ಇದು ಸಾವಿನ ಕುಟುಂಬ ಅಂತ ಗೊತ್ತಾಗೋದಿಲ್ಲ. ಹಳೇ ಫ್ರೆಂಚಲ್ಲಿ 'ಮೋರ್ಟ್' ಅಂದರೆ ಸತ್ತ, 'ಗೇಜ್' ಅಂದರೆ ಒತ್ತೆ. ಸತ್ತ ಒತ್ತೆ. ಈ 'ಗೇಜ್' ನಿಮಗೆ ಪರಿಚಯದ್ದೇ. ಎಂಗೇಜ್‌ಮೆಂಟ್‌ನಲ್ಲಿ ಇರೋದು ಇದೇ. ಮಾತನ್ನೇ ಒತ್ತೆ ಇಡೋದು ಎಂಗೇಜ್‌ಮೆಂಟ್, ಆಸ್ತಿ ಒತ್ತೆ ಇಡೋದು ಮಾರ್ಗೇಜ್. ನಮ್ಮಲ್ಲಿ ಅಡಮಾನ, ಒತ್ತೆ, ಅಡವು, ಗಿರವಿ ಅಂತ ಊರಿಗೊಂದು ಪದ ಇದೆ. ಮನುಷ್ಯರನ್ನೇ ಒತ್ತೆ ಇಟ್ಟುಕೊಂಡರೆ ಒತ್ತೆಯಾಳು.

ಸರಿ, ಒತ್ತೆ ಯಾಕೆ ಸತ್ತಿತು? 12ನೇ ಶತಮಾನದ ಇಂಗ್ಲೆಂಡಿನ ಕಾನೂನು ಗ್ರಂಥವೊಂದಿದೆ, ಗ್ಲಾನ್ವಿಲ್ ಅನ್ನೋ ಹೆಸರಲ್ಲಿ ಪ್ರಸಿದ್ಧ. ಆ ಕಾಲದಲ್ಲಿ ಸಾಲ ಕೊಟ್ಟವನು ಜಮೀನನ್ನ ತಾನೇ ಇಟ್ಟುಕೊಂಡು ಬೆಳೆ ತೆಗೀತಾ ಇದ್ದ. ಆ ಬೆಳೆಯ ಆದಾಯ ಸಾಲಕ್ಕೆ ಜಮಾ ಆಗಿ ಸಾಲ ಕರಗುತ್ತಾ ಬಂದರೆ ಅದು 'ಜೀವಂತ ಒತ್ತೆ'. ಆದಾಯವನ್ನ ಸಾಲ ಕೊಟ್ಟವನೇ ತಿಂದು, ಸಾಲ ಹಾಗೇ ಉಳಿದರೆ ಅದು 'ಸತ್ತ ಒತ್ತೆ'. ಜಮೀನು ಸಾಲಗಾರನಿಗೆ ಏನೂ ದುಡಿದುಕೊಡ್ತಾ ಇಲ್ಲ, ಸತ್ತ ಹಾಗೇ ಬಿದ್ದಿದೆ. 17ನೇ ಶತಮಾನದಲ್ಲಿ ಎಡ್ವರ್ಡ್ ಕೋಕ್ ಅನ್ನೋ ನ್ಯಾಯವಾದಿ ಬೇರೆ ವಿವರಣೆ ಕೊಟ್ಟ. ಸಾಲ ತೀರಿಸದಿದ್ದರೆ ಜಮೀನು ನಿನ್ನ ಪಾಲಿಗೆ ಸತ್ತಿತು. ತೀರಿಸಿದರೆ ಒತ್ತೆ ಸಾಲ ಕೊಟ್ಟವನ ಪಾಲಿಗೆ ಸತ್ತಿತು. ಏನೇ ಆದರೂ ಒಂದು ಸಾವು ಗ್ಯಾರಂಟಿ.

ಇದನ್ನ ಕೇಳಿ ಬೆಂಗಳೂರಿನ ಕೇಳುಗರಿಗೆ ಏನಾದರೂ ನೆನಪಾಯ್ತಾ? 'ಲೀಸ್'ಗೆ ಮನೆ. ಮಾಲೀಕರಿಗೆ ಒಟ್ಟಿಗೆ 10 ಲಕ್ಷವೋ 15 ಲಕ್ಷವೋ ಕೊಟ್ಟು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟೂ ಹಣ ವಾಪಸ್ ಪಡೆಯೋದು. ಹಳಬರು ಇದಕ್ಕೆ ಭೋಗ್ಯ ಅಂತಾರೆ. ನೀವು ಸಾಲ ಕೊಟ್ಟವರು, ಮನೆಯಲ್ಲಿ ವಾಸ ಮಾಡೋದೇ ನಿಮಗೆ ಬಡ್ಡಿ, ಅಸಲು ಮಾತ್ರ ಹಾಗೇ ನಿಂತಿರುತ್ತೆ. ಗ್ಲಾನ್ವಿಲ್ ಲೆಕ್ಕದಲ್ಲಿ ಇದು ಅಪ್ಪಟ 'ಸತ್ತ ಒತ್ತೆ'. ನಮ್ಮ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಆರು ಬಗೆಯ ಅಡಮಾನಗಳನ್ನ ಹೇಳುತ್ತೆ. ಅದರಲ್ಲಿ ಭೋಗ್ಯದ ಅಡಮಾನವೂ ಒಂದು. ಮನೆ ಪತ್ರಗಳನ್ನ ಬ್ಯಾಂಕಿನ ವಶಕ್ಕೆ ಕೊಟ್ಟು ಮಾಡೋ ಅಡಮಾನ ಇನ್ನೊಂದು, ಸಾಮಾನ್ಯವಾಗಿ ಗೃಹಸಾಲದಲ್ಲಿ ಆಗೋದು ಅದು.

ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಅದೇ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ, 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತದ ಅಡಮಾನ, ಪತ್ರ ವಶಕ್ಕೆ ಕೊಡೋ ಬಗೆಯದ್ದು ಬಿಟ್ಟರೆ, ನೋಂದಣಿ ಆದ ದಸ್ತಾವೇಜಿನಿಂದ ಮಾತ್ರ ಆಗುತ್ತೆ. ಇಬ್ಬರು ಸಾಕ್ಷಿಗಳೂ ಬೇಕು. ನೂರೇ ರೂಪಾಯಿ! ಆದರೆ 15 ಲಕ್ಷ ಕೊಟ್ಟು ಲೀಸ್ ಮಾಡೋ ಎಷ್ಟೋ ಜನ ಸ್ಟ್ಯಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ, ನೋಟರಿ ಸೀಲ್ ಹಾಕಿಸಿ ಸುಮ್ಮನಾಗ್ತಾರೆ. ನೋಟರಿ ಬೇರೆ, ನೋಂದಣಿ ಬೇರೆ. ಅದರ ಮೇಲೆ ಆ ಮನೆ ಮೊದಲೇ ಬ್ಯಾಂಕಿನಲ್ಲಿ ಅಡಮಾನ ಆಗಿದ್ದರೆ? ಮಾಲೀಕರು ಕಂತು ಕಟ್ಟದೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದ ದಿನ ಬ್ಯಾಂಕಿನ ಹಕ್ಕು ಮುಂದೆ ಇರುತ್ತೆ, ನಿಮ್ಮ ಹದಿನೈದು ಲಕ್ಷ ಹಿಂದೆ ನಿಂತಿರುತ್ತೆ.

ಹಾಗಾಗಿ 'ಮಾರ್ಗೇಜ್' ಅನ್ನೋ ಪದ ಆ ಮನೆಯ ಕಾಗದದಲ್ಲಿ ಎಲ್ಲಾದರೂ ಇದೆಯಾ ಅಂತ ಹುಡುಕಿ. ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ತೆಗೆಸಿ. ನೋಂದಣಿ ಆದ ಅಡಮಾನ ಇದ್ದರೆ ಅಲ್ಲಿ ಕಾಣುತ್ತೆ. ಪತ್ರ ವಶಕ್ಕೆ ಕೊಟ್ಟ ಅಡಮಾನ ಎಲ್ಲ ಸಲವೂ ಅಲ್ಲಿ ಕಾಣಲೇಬೇಕು ಅಂತಿಲ್ಲ. ಅದಕ್ಕೆ ಸೆರ್ಸೈ ಅನ್ನೋ ಕೇಂದ್ರ ನೋಂದಣಿ ಜಾಲತಾಣದಲ್ಲೂ ಶುಲ್ಕ ಕಟ್ಟಿ ಹುಡುಕಬಹುದು. ಎಲ್ಲಕ್ಕಿಂತ ಸುಲಭ, ಮಾಲೀಕರನ್ನ ಒರಿಜಿನಲ್ ಕ್ರಯಪತ್ರ ತೋರಿಸಿ ಅಂತ ಕೇಳೋದು. ಜೆರಾಕ್ಸ್ ಮಾತ್ರ ಇದೆ ಅಂದರೆ ಒರಿಜಿನಲ್ ಎಲ್ಲಿದೆ ಅಂತ ಮುಂದಿನ ಪ್ರಶ್ನೆ.

ಬೈಕ್ ಸಾಲದಲ್ಲಿ ಮಾರ್ಗೇಜ್ ಅನ್ನೋದಿಲ್ಲ. ಆರ್.ಸಿ.ಯಲ್ಲಿ 'ಹೈಪಾಥಿಕೇಷನ್' ಅಂತಿರುತ್ತೆ. ವಸ್ತು ನಿಮ್ಮ ಕೈಲೇ ಇರುತ್ತೆ, ಹಕ್ಕು ಸಾಲ ಕೊಟ್ಟವರಿಗೂ ಇರುತ್ತೆ. ಚಿನ್ನ ಇಟ್ಟು ತಗೊಳ್ಳೋದು 'ಪ್ಲೆಡ್ಜ್', ವಸ್ತುವೇ ಅವರ ಕೈಗೆ ಹೋಗುತ್ತೆ.

ಇನ್ನು 'ಅಮಾರ್ಟೈಸೇಷನ್'. ಗೃಹಸಾಲ ತಗೊಂಡಾಗ ಬ್ಯಾಂಕ್ ಕೊಡೋ ಉದ್ದನೆಯ ಪಟ್ಟಿಯ ಮೇಲೆ ಬರೆದಿರುತ್ತೆ. ಸಾಲವನ್ನ ಸ್ವಲ್ಪ ಸ್ವಲ್ಪವಾಗಿ ಸಾಯಿಸೋದು ಅಂತ ಅರ್ಥ. ಎಷ್ಟು ನಿಧಾನವಾಗಿ ಸಾಯುತ್ತೆ ನೋಡಿ. 30 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ಇ.ಎಂ.ಐ. ಸುಮಾರು 26,035 ರೂಪಾಯಿ. ಮೊದಲ ತಿಂಗಳು ಅದರಲ್ಲಿ 21,250 ಬಡ್ಡಿಗೇ ಹೋಗುತ್ತೆ. ಅಸಲಿಗೆ ಹೋಗೋದು 4,785 ಮಾತ್ರ. ಬಡ್ಡಿಗಿಂತ ಅಸಲಿನ ಪಾಲು ಜಾಸ್ತಿ ಆಗೋದು ಹನ್ನೆರಡನೇ ವರ್ಷ ಮುಗಿಯೋ ಹೊತ್ತಿಗೆ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ ಸುಮಾರು 21 ಲಕ್ಷ ಅಸಲು ಬದುಕೇ ಇರುತ್ತೆ. ಅರ್ಧ ಅವಧಿ ಮುಗೀತು, ಆದರೆ ಅರ್ಧ ಸಾಲ ಸತ್ತಿಲ್ಲ. ಮೊದಲ ವರ್ಷಗಳಲ್ಲಿ ಬೋನಸ್ ಬಂದಾಗ ಒಂದಿಷ್ಟು ಅಸಲಿಗೆ ಕಟ್ಟಿ ಅಂತ ತಿಳಿದವರು ಹೇಳೋದು ಇದಕ್ಕೇ.

ಈ ಪದಕ್ಕೂ ಒಂದು ಹಳೇ ಕಥೆ ಇದೆ. ಮೊದಲು ಇದರ ಅರ್ಥ ಜಮೀನನ್ನ ಚರ್ಚಿಗೆ ಶಾಶ್ವತವಾಗಿ ಕೊಟ್ಟುಬಿಡೋದು ಅಂತಿತ್ತು. ಅಂಥ ಒಡೆತನಕ್ಕೆ 'ಮಾರ್ಟ್‌ಮೇನ್', ಸತ್ತ ಕೈ, ಅಂತಿದ್ದರು. ಮನುಷ್ಯ ಸತ್ತಾಗ ಜಮೀನು ಮಗನಿಗೆ ಹೋಗುತ್ತೆ, ಆಗ ಒಡೆಯನಿಗೆ ಕಾಣಿಕೆ ಸಿಗುತ್ತೆ. ಆದರೆ ಚರ್ಚು ಸಾಯೋದೇ ಇಲ್ಲ, ಕಾಣಿಕೆಯೂ ಇಲ್ಲ. ಇದನ್ನ ತಡೆಯೋಕೆ ದೊರೆ ಒಂದನೇ ಎಡ್ವರ್ಡ್ 1279ರಲ್ಲಿ ಕಾನೂನನ್ನೇ ತಂದ. ಸಾವಿಲ್ಲದ ಕೈಗೆ ಸತ್ತ ಕೈ ಅಂತ ಹೆಸರಿಟ್ಟರಲ್ಲ, ಆ ಕಾಲದ ವಕೀಲರಿಗೂ ತಮಾಷೆ ಗೊತ್ತಿತ್ತು ಅನಿಸುತ್ತೆ.

ಕೊನೆಯದಾಗಿ, ಚಿಕ್ಕಪ್ಪನ ಮಗನ ಸುದ್ದಿ. ಅವನಿಗೆ ಈಗ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಅಪ್ಪ ಅಮ್ಮನ್ನೂ ಕರ್ಕೊಂಡು ಬರೋಣ ಅಂತ ಲೀಸ್‌ಗೆ ಮನೆ ಹುಡುಕ್ತಾ ಇದ್ದಾನೆ. ಮೊನ್ನೆ ಒಂದು ಮನೆ ಒಪ್ಪಿಗೆ ಆಯ್ತಂತೆ. ಒರಿಜಿನಲ್ ಪತ್ರ ತೋರಿಸಿ ಸರ್ ಅಂತ ಕೇಳಿದ್ದಾನೆ. 'ಬ್ಯಾಂಕಲ್ಲಿ ಲಾಕರ್‌ನಲ್ಲಿದೆ' ಅಂದಿದ್ದಾರೆ ಮಾಲೀಕರು. ಇವನು, 'ಲಾಕರ್‌ನಲ್ಲಾ ಸರ್, ಇಲ್ಲಾ ಬ್ಯಾಂಕ್‌ನವರ ಹತ್ರಾನಾ?' ಅಂದನಂತೆ. ಅವರು ಉತ್ತರ ಕೊಡೋ ಬದಲು ಟೀ ಕುಡೀತೀರಾ ಅಂತ ಕೇಳಿದರಂತೆ. ಟೀ ಕುಡಿದು ವಾಪಸ್ ಬಂದು ನನಗೆ ಫೋನ್ ಮಾಡಿದ. ಇ.ಸಿ.ಗೆ ಅರ್ಜಿ ಹಾಕಿದ್ದಾನೆ.

ನಿಮ್ಮ ಮನೆಯ ಯಾವುದಾದರೂ ಕಾಗದದಲ್ಲಿ, ಆಸ್ಪತ್ರೆಯದ್ದೋ ಬ್ಯಾಂಕಿನದ್ದೋ, ತಲೆ ತಿನ್ನೋ ಇಂಗ್ಲಿಷ್ ಪದ ಇದ್ದರೆ ನಮಗೆ ಕಳಿಸಿ. ಹೆಸರು, ಖಾತೆ ಸಂಖ್ಯೆ ಮುಚ್ಚಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.